ಎಪ್ಪತ್ತರ ವಯಸ್ಸಿನಲ್ಲಿ ಅಡಿಗಲ್ಲು: ಎಂ. ಚಿನ್ನಸ್ವಾಮಿ ಮತ್ತು ಅವರು ಕಟ್ಟಿದ ಕ್ರೀಡಾಂಗಣ

ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಎಂಬ ಹೆಸರನ್ನು ಕೇಳದವರು ವಿರಳ. ಆಟೊ ಚಾಲಕರಿಗೆ ಅದೊಂದು ಗುರುತಿನ ಜಾಗ, ಕ್ರಿಕೆಟ್ ಪ್ರೇಮಿಗಳಿಗೆ ನೆನಪುಗಳ ಅಂಗಳ, ಸಂಚಾರ ಪೊಲೀಸರಿಗೆ ಪಂದ್ಯದ ದಿನಗಳ ತಲೆನೋವು. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ, ಆತ ಮಂಡ್ಯದ ವಕೀಲನಾಗಿದ್ದ, ಎಪ್ಪತ್ತು ತುಂಬಿದ ಮೇಲೆ ಈ ಕ್ರೀಡಾಂಗಣದ ಅಡಿಗಲ್ಲನ್ನು ಕಂಡ ಎಂಬ ಸಂಗತಿ ಇಂದಿನ ಪೀಳಿಗೆಯ ಬಹುಪಾಲು ಮಂದಿಗೆ ತಿಳಿದಿಲ್ಲ.

2025ರ ಜೂನ್ 4ರ ಸಂಜೆ ಈ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಿಗೆ ಸಿಲುಕಿ 11 ಮಂದಿ ಪ್ರಾಣ ಕಳೆದುಕೊಂಡರು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿ ಗೆದ್ದಿತ್ತು. ಆ ಸಂಭ್ರಮಕ್ಕೆ ಬಂದವರು ಮನೆಗೆ ಮರಳಲಿಲ್ಲ. ಅಂದಿನಿಂದ ಒಂದು ಪ್ರಶ್ನೆ ನಾಡಿನ ಮುಂದಿದೆ. ಐದು ದಶಕ ದಾಟಿದ ಈ ಮೈದಾನದಲ್ಲಿ ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳು ನಡೆಯುತ್ತಲೇ ಇರಬೇಕೇ? ಪರವಾಗಿಯೂ ವಿರೋಧವಾಗಿಯೂ ಮಾತನಾಡುವವರು ಚಿನ್ನಸ್ವಾಮಿ ಎಂಬ ಹೆಸರನ್ನೇ ಬಳಸುತ್ತಾರೆ. ಆದ್ದರಿಂದ ಆ ಹೆಸರಿನ ವ್ಯಕ್ತಿಯ ಬದುಕನ್ನು ಒಮ್ಮೆ ತಿರುಗಿ ನೋಡುವುದು ಉಚಿತ.

ಮಂಡ್ಯದ ವಕೀಲ

ಮಂಗಳಂ ಚಿನ್ನಸ್ವಾಮಿ ಮುದಲಿಯಾರ್ ಜನಿಸಿದ್ದು 1900ರ ಮಾರ್ಚ್ 29ರಂದು. ವೃತ್ತಿಯಿಂದ ವಕೀಲರು. ಅವರ ಹೆಸರು ಉಳಿದದ್ದು ರನ್ನುಗಳಿಂದಲೋ ವಿಕೆಟ್‌ಗಳಿಂದಲೋ ಅಲ್ಲ. ಆಟಕ್ಕೆ ಬೇಕಾದ ಸಂಸ್ಥೆ, ನಿಯಮ, ಹಣ ಮತ್ತು ನೆಲವನ್ನು ಹೊಂದಿಸಿಕೊಟ್ಟ ದುಡಿಮೆಯಿಂದ. ಮೈದಾನದ ಒಳಗಿನ ಸಾಧನೆಗೆ ಸಿಗುವ ಚಪ್ಪಾಳೆ ಇಂತಹ ದುಡಿಮೆಗೆ ಸಿಗುವುದಿಲ್ಲ.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾದದ್ದು 1933ರಲ್ಲಿ. ಅದರ ಸ್ಥಾಪಕ ಸದಸ್ಯರ ಪೈಕಿ ಚಿನ್ನಸ್ವಾಮಿ ಒಬ್ಬರು. ಮರುವರ್ಷ ಸಂಸ್ಥೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಮಾನ್ಯತೆ ದೊರೆಯಿತು. ಅದೇ 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಇತಿಹಾಸದ ಮೊತ್ತಮೊದಲ ಪಂದ್ಯ ಮದ್ರಾಸಿನ ಚೆಪಾಕಿನಲ್ಲಿ ನಡೆಯಿತು. ಒಂದು ಕಡೆ ಮದ್ರಾಸ್, ಇನ್ನೊಂದು ಕಡೆ ಮೈಸೂರು. ಮೈಸೂರು ತಂಡ ಎರಡು ಇನಿಂಗ್ಸ್‌ಗಳಲ್ಲಿ 48 ಮತ್ತು 59 ರನ್ನುಗಳಿಗೆ ಕುಸಿಯಿತು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು.

ಆರಂಭ ಹೀಗಿದ್ದರೂ ಸಂಸ್ಥೆ ಎದೆಗುಂದಲಿಲ್ಲ. 1941-42ರ ಸಾಲಿನಲ್ಲಿ ಮೈಸೂರು ರಣಜಿ ಫೈನಲ್ ತಲುಪಿ ಬಾಂಬೆಗೆ ಸೋತಿತು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಎದುರಾಳಿ, ಮತ್ತೆ ಸೋಲು. ಈ ದೀರ್ಘ ಅವಧಿಯುದ್ದಕ್ಕೂ ಚಿನ್ನಸ್ವಾಮಿ ಸಂಸ್ಥೆಯ ಜೊತೆಗಿದ್ದರು. ಮೊದಲು ಕಾರ್ಯದರ್ಶಿಯಾಗಿ, ನಂತರ ಅಧ್ಯಕ್ಷರಾಗಿ ನಾಲ್ಕು ದಶಕಗಳ ಕಾಲ ಅವರು ಅದರ ಭಾರ ಹೊತ್ತರು.

ಆಟಗಾರರಿದ್ದರು, ಅಂಗಳವಿರಲಿಲ್ಲ

ಆ ದಶಕಗಳಲ್ಲಿ ಸಂಸ್ಥೆಗೆ ಒಂದು ದೊಡ್ಡ ಕೊರತೆಯಿತ್ತು. ಅದಕ್ಕೆ ಸ್ವಂತ ಮೈದಾನವಿರಲಿಲ್ಲ. ಬೆಂಗಳೂರಿನ ಪ್ರಮುಖ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಹಳೆಯ ತಲೆಮಾರಿನ ಕ್ರಿಕೆಟ್ ಪ್ರಿಯರಿಗೆ ಆ ಅಂಗಳದ ಮೇಲೆ ಅಪಾರ ಮಮತೆ. ಆದರೆ ಅದು ಮೂಲತಃ ಕಾಲೇಜಿನ ಅಂಗಳ. ಐದು ದಿನಗಳ ಟೆಸ್ಟ್ ಪಂದ್ಯಕ್ಕೆ ಬೇಕಾದ ಪ್ರೇಕ್ಷಕರ ಗ್ಯಾಲರಿ ಮತ್ತಿತರ ವ್ಯವಸ್ಥೆ ಅಲ್ಲಿರಲಿಲ್ಲ.

ಇದರ ಪರಿಣಾಮ ಸ್ಪಷ್ಟವಾಗಿತ್ತು. ಕಾನ್ಪುರ ಮತ್ತು ಲಖನೌ 1952ರಲ್ಲಿಯೇ ಟೆಸ್ಟ್ ಪಂದ್ಯ ಕಂಡವು. ನೆರೆಯ ಹೈದರಾಬಾದ್ 1955ರಲ್ಲಿ ಕಂಡಿತು. ನಾಗಪುರಕ್ಕೆ 1969ರಲ್ಲಿ ಆ ಭಾಗ್ಯ ಒದಗಿತು. ಬೆಂಗಳೂರು ಮಾತ್ರ ಕಾಯುತ್ತಲೇ ಇತ್ತು.

ಕಾಯುತ್ತಿದ್ದ ಊರಿನಲ್ಲಿ ಪ್ರತಿಭೆಗೆ ಬರವಿರಲಿಲ್ಲ ಎಂಬುದೇ ವಿಪರ್ಯಾಸ. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಟೆಸ್ಟ್ ಜೀವನ ಆರಂಭಿಸಿದರು. ಬಿ.ಎಸ್. ಚಂದ್ರಶೇಖರ್ 1964ರ ಜನವರಿಯಲ್ಲಿ ಬಾಂಬೆಯಲ್ಲಿ ಆರಂಭಿಸಿದರು. ಗುಂಡಪ್ಪ ವಿಶ್ವನಾಥ್ 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಚೊಚ್ಚಲ ಟೆಸ್ಟ್‌ನಲ್ಲಿಯೇ 137 ರನ್ ಹೊಡೆದರು. ಚಂದ್ರಶೇಖರ್ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಜಯ ತಂದುಕೊಟ್ಟರು. ಇವರ ಕೀರ್ತಿಯನ್ನು ತವರಿನ ಜನ ರೇಡಿಯೊದಲ್ಲಿ ಕೇಳಿದರು, ಪತ್ರಿಕೆಯಲ್ಲಿ ಓದಿದರು. ತಮ್ಮದೇ ಊರಿನ ಟೆಸ್ಟ್ ಪಂದ್ಯದಲ್ಲಿ ಕಣ್ಣಾರೆ ಕಾಣುವ ಅವಕಾಶ ಮಾತ್ರ ಅವರಿಗೆ ಇರಲಿಲ್ಲ.

ಮಂಡಳಿಯ ಕಾರ್ಯದರ್ಶಿ

ಚಿನ್ನಸ್ವಾಮಿ 1960ರಿಂದ 1965ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕಾರ್ಯದರ್ಶಿಯಾಗಿದ್ದರು. ಆ ಅವಧಿಯ ಮೊದಲ ಮೂರು ವರ್ಷ ಮಂಡಳಿಯ ಅಧ್ಯಕ್ಷರಾಗಿದ್ದವರು ಎಂ.ಎ. ಚಿದಂಬರಂ. ಇಂದು ಚೆಪಾಕ್ ಕ್ರೀಡಾಂಗಣ ಅವರ ಹೆಸರನ್ನು ಹೊತ್ತಿದೆ. ಮುಂದೆ ಚಿನ್ನಸ್ವಾಮಿ ಮಂಡಳಿಯ ಅಧ್ಯಕ್ಷ ಪದವಿಯಿಂದ ಇಳಿದಾಗ ಅವರ ಸ್ಥಾನಕ್ಕೆ ಬಂದವರು ಎಸ್.ಕೆ. ವಾಂಖೆಡೆ. ಮುಂಬಯಿಯ ಕ್ರೀಡಾಂಗಣಕ್ಕೆ ಅವರ ಹೆಸರಿದೆ. ದೇಶದ ಮೂರು ಪ್ರಸಿದ್ಧ ಮೈದಾನಗಳು ಆಟಗಾರರ ಬದಲು ಮೂವರು ಆಡಳಿತಗಾರರ ಹೆಸರಿನಲ್ಲಿರುವುದು ಆ ಕಾಲದ ಕ್ರಿಕೆಟ್‌ನಲ್ಲಿ ನೆಲ ಮತ್ತು ಕಟ್ಟಡಗಳ ಮಹತ್ವವನ್ನು ತೋರಿಸುತ್ತದೆ.

ಕಾರ್ಯದರ್ಶಿಯಾಗಿದ್ದ ಆ ಐದು ವರ್ಷಗಳು ಭಾರತೀಯ ಕ್ರಿಕೆಟ್‌ಗೆ ಸಿಹಿ ಕಹಿ ಎರಡನ್ನೂ ತಂದವು. 1961-62ರಲ್ಲಿ ನಾರಿ ಕಂಟ್ರಾಕ್ಟರ್ ನಾಯಕತ್ವದಲ್ಲಿ ಭಾರತ ಮೊದಲ ಬಾರಿಗೆ ಇಂಗ್ಲೆಂಡ್ ವಿರುದ್ಧ ಸರಣಿ ಗೆದ್ದಿತು. ಬೆನ್ನಲ್ಲೇ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಚಾರ್ಲಿ ಗ್ರಿಫಿತ್ ಎಸೆತ ಕಂಟ್ರಾಕ್ಟರ್ ತಲೆಗೆ ಬಡಿದು ಅವರ ಟೆಸ್ಟ್ ಜೀವನವೇ ಮುಗಿಯಿತು. 21 ವರ್ಷದ ಮನ್ಸೂರ್ ಅಲಿ ಖಾನ್ ಪಟೌಡಿ ನಾಯಕರಾದರು. ತಂಡ ಐದೂ ಟೆಸ್ಟ್‌ಗಳನ್ನು ಸೋತು ಮರಳಿತು.

ವಿದೇಶಿ ತಂಡಗಳ ಪ್ರವಾಸ, ಪಂದ್ಯಗಳ ಹಂಚಿಕೆ, ಯಾವ ಊರಿಗೆ ಯಾವ ಪಂದ್ಯ ಎಂಬ ತೀರ್ಮಾನ, ಇವೆಲ್ಲ ನಡೆಯುತ್ತಿದ್ದುದು ಮಂಡಳಿಯಲ್ಲಿ. ಅಲ್ಲಿಯೇ ಕುಳಿತಿದ್ದ ಕಾರ್ಯದರ್ಶಿಯ ಸ್ವಂತ ಊರಿಗೆ ಆ ಐದು ವರ್ಷಗಳಲ್ಲಿ ಒಂದೂ ಟೆಸ್ಟ್ ಬರಲಿಲ್ಲ. ಅಧಿಕಾರವಿದ್ದರೂ ಪಂದ್ಯ ಬರುವುದಿಲ್ಲ, ಅದನ್ನು ನಡೆಸಲು ತಕ್ಕ ಮೈದಾನವಿರಬೇಕು ಎಂಬ ಸರಳ ಸತ್ಯಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕಬ್ಬನ್ ಪಾರ್ಕಿನ ಪಕ್ಕದ ನೆಲ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಸ್ವಂತ ಕ್ರೀಡಾಂಗಣಕ್ಕೆ ಅಡಿಗಲ್ಲು ಬಿದ್ದದ್ದು 1970ರ ಮೇ ತಿಂಗಳಲ್ಲಿ. ಚಿನ್ನಸ್ವಾಮಿಯವರಿಗೆ ಆಗ ಎಪ್ಪತ್ತು ತುಂಬಿತ್ತು. ಬಹುತೇಕರು ಸಾರ್ವಜನಿಕ ಕೆಲಸಗಳಿಂದ ಹಿಂದೆ ಸರಿಯುವ ವಯಸ್ಸು ಅದು. ರಾಜ್ಯ ಸರ್ಕಾರದ ನೆರವಿನೊಂದಿಗೆ ಕಟ್ಟಡದ ಕೆಲಸ ಅದೇ ವರ್ಷ ಆರಂಭವಾಯಿತು.

ಆಯ್ಕೆಯಾದ ಸ್ಥಳ ನಗರದ ಹೃದಯಭಾಗ. ಒಂದು ಕಡೆ ಕಬ್ಬನ್ ಪಾರ್ಕಿನ ಹಸಿರು, ಇನ್ನೊಂದು ಕಡೆ ಮಹಾತ್ಮ ಗಾಂಧಿ ರಸ್ತೆ, ಸುತ್ತ ಕಬ್ಬನ್ ರಸ್ತೆ ಮತ್ತು ಕ್ವೀನ್ಸ್ ರಸ್ತೆ. ಸುಮಾರು 17 ಎಕರೆಯ ನೆಲ. ಇಂದು ಈ ಆಯ್ಕೆಯನ್ನು ಟೀಕಿಸುವುದು ಸುಲಭ. ಆದರೆ 1971ರ ಜನಗಣತಿಯ ಪ್ರಕಾರ ಬೆಂಗಳೂರಿನ ಜನಸಂಖ್ಯೆ ಸುಮಾರು 16 ಲಕ್ಷ. ಸೈಕಲ್ಲು, ಸಿಟಿ ಬಸ್ಸುಗಳ ಕಾಲ ಅದು. ಬಸವನಗುಡಿಯಿಂದಲೂ ಮಲ್ಲೇಶ್ವರದಿಂದಲೂ ದಂಡುಪ್ರದೇಶದಿಂದಲೂ ಸುಲಭವಾಗಿ ತಲುಪಬಹುದಾದ ಜಾಗದಲ್ಲಿ ಕ್ರೀಡಾಂಗಣವಿರಬೇಕು ಎಂಬುದು ಆ ದಿನಗಳಿಗೆ ವಿವೇಕದ ತೀರ್ಮಾನವೇ ಆಗಿತ್ತು. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಬಂದು ಐದು ದಿನವೂ ಪಂದ್ಯ ನೋಡುವ ಪ್ರೇಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಸ್ಥಳ ಅದು.

ಈ ಹೆಜ್ಜೆಯಲ್ಲಿ ಇನ್ನೊಂದು ಅರ್ಥವೂ ಇದೆ. ಸೆಂಟ್ರಲ್ ಕಾಲೇಜು ಮೈದಾನ ಅಂದಿನವರಿಗೆ ಬರಿಯ ಹುಲ್ಲಿನ ಜಾಗವಾಗಿರಲಿಲ್ಲ, ಅದು ಅವರ ಯೌವನವಾಗಿತ್ತು. ಅದರ ಮೇಲಿನ ಪ್ರೀತಿ ಎಷ್ಟೇ ಇದ್ದರೂ ಅದು ಮುಂದಿನ ಕಾಲಕ್ಕೆ ಸಾಲದು ಎಂದು ಸಂಸ್ಥೆ ಒಪ್ಪಿಕೊಂಡಿತು. ಹಳೆಯ ಮೈದಾನವನ್ನು ಯಾರೂ ತಿರಸ್ಕರಿಸಲಿಲ್ಲ. ಅದರ ಕೆಲಸ ಅದಕ್ಕೆ, ದೊಡ್ಡ ಪಂದ್ಯಗಳ ಕೆಲಸ ಹೊಸದಕ್ಕೆ ಎಂದು ಹಂಚಿಕೆಯಾಯಿತು.

ಮೊದಲ ಟೆಸ್ಟ್

ಹೊಸ ಕ್ರೀಡಾಂಗಣದಲ್ಲಿ 1972-73ರ ಸಾಲಿನಲ್ಲಿ ಪ್ರಥಮ ದರ್ಜೆ ಪಂದ್ಯಗಳು ಆರಂಭವಾದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು; ಸಂಸ್ಥೆಯೂ ತಂಡವೂ ಅದೇ ಹೆಸರನ್ನು ಧರಿಸಿದವು. ಆ ಹೆಸರಿನ ಮೊದಲ ಸಾಲಿನಲ್ಲಿಯೇ ಪ್ರಸನ್ನ ನಾಯಕತ್ವದ ಕರ್ನಾಟಕ ತಂಡ ಇದೇ ಅಂಗಳದಲ್ಲಿ ರಣಜಿ ಸೆಮಿಫೈನಲ್ ಆಡಿತು. ಎದುರಾಳಿ ಬಾಂಬೆ. 1958-59ರಿಂದ ಸತತ 15 ವರ್ಷ ಟ್ರೋಫಿ ಗೆದ್ದಿದ್ದ ತಂಡ ಅದು. ಪ್ರಸನ್ನ ಎಸೆತಕ್ಕೆ ಸುನಿಲ್ ಗಾವಸ್ಕರ್ ಬೌಲ್ಡ್ ಆದದ್ದು, ವಿಶ್ವನಾಥ್ ಆಡಿದ ಶತಕದ ಇನಿಂಗ್ಸ್, ಅಜಿತ್ ವಾಡೇಕರ್ ರನೌಟ್ ಆದದ್ದು, ಇವು ಇಂದಿಗೂ ಹಿರಿಯರ ಬಾಯಲ್ಲಿ ಕೇಳಿಬರುವ ಸಂಗತಿಗಳು. ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲ್ ಪ್ರವೇಶಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಚೆಪಾಕಿನ ಆ ಒಂದು ದಿನದ ಸೋಲಿನಿಂದ ಇಲ್ಲಿಗೆ ತಲುಪಲು ನಲವತ್ತು ವರ್ಷ ಹಿಡಿದಿತ್ತು.

ಅದೇ 1974ರ ನವೆಂಬರ್ 22ರಂದು ಬೆಂಗಳೂರಿನ ಮೊದಲ ಟೆಸ್ಟ್ ಆರಂಭವಾಯಿತು. ಕ್ಲೈವ್ ಲಾಯ್ಡ್ ವೆಸ್ಟ್ ಇಂಡೀಸ್ ನಾಯಕರಾಗಿ ಆಡಿದ ಮೊದಲ ಟೆಸ್ಟ್ ಇದು. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಜೀವನ ಆರಂಭಿಸಿದ್ದು ಇಲ್ಲಿಯೇ. ಗ್ರೀನಿಜ್ 93 ಮತ್ತು 107 ರನ್ ಹೊಡೆದರು. ರಿಚರ್ಡ್ಸ್ ಎರಡೂ ಬಾರಿ ಚಂದ್ರಶೇಖರ್‌ಗೆ ಬಲಿಯಾಗಿ 4 ಮತ್ತು 3 ರನ್ನಿಗೆ ಹಿಂದಿರುಗಿದರು. ಲಾಯ್ಡ್ ಎರಡನೇ ಇನಿಂಗ್ಸ್‌ನಲ್ಲಿ 163 ರನ್ ಬಾರಿಸಿದರು. ಗಾಯಗೊಂಡಿದ್ದ ಪಟೌಡಿ ಮತ್ತು ಫರೂಕ್ ಇಂಜಿನಿಯರ್ ಕೊನೆಯ ಇನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿಯಲಾಗಲಿಲ್ಲ. ಭಾರತ 118ಕ್ಕೆ ಮುಗಿದು 267 ರನ್ನುಗಳಿಂದ ಸೋತಿತು.

ಸೋಲಿನ ಬೇಸರದ ನಡುವೆಯೂ ಊರಿಗೆ ಒಂದು ಸಮಾಧಾನವಿತ್ತು. ಬೆಂಗಳೂರು ಟೆಸ್ಟ್ ಕೇಂದ್ರವಾಗಿತ್ತು. 1977ರ ಆರಂಭದಲ್ಲಿ ಇಂಗ್ಲೆಂಡ್ ತಂಡವನ್ನು 140 ರನ್ನುಗಳಿಂದ ಮಣಿಸಿ ಭಾರತ ಈ ಅಂಗಳದಲ್ಲಿ ಮೊದಲ ಟೆಸ್ಟ್ ಗೆಲುವು ಕಂಡಿತು. ಯಜುವೇಂದ್ರ ಸಿಂಗ್ ಏಳು ಕ್ಯಾಚ್ ಹಿಡಿದು ವಿಶ್ವದಾಖಲೆ ಸರಿಗಟ್ಟಿದ್ದು ಆ ಪಂದ್ಯದಲ್ಲಿ.

ಮಂಡಳಿಯ ಅಧ್ಯಕ್ಷ ಪದವಿ

1977ರಲ್ಲಿ, ತಮ್ಮ 77ನೇ ವಯಸ್ಸಿನಲ್ಲಿ, ಚಿನ್ನಸ್ವಾಮಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದರು. 1980ರವರೆಗೆ ಆ ಹೊಣೆ ನಿರ್ವಹಿಸಿದರು. ವಿಶ್ವ ಕ್ರಿಕೆಟ್ ಅಲ್ಲೋಲಕಲ್ಲೋಲವಾಗಿದ್ದ ಕಾಲ ಅದು. ಆಸ್ಟ್ರೇಲಿಯಾದ ಮಾಧ್ಯಮ ದೊರೆ ಕೆರ್ರಿ ಪ್ಯಾಕರ್ ತಮ್ಮದೇ ಸರಣಿ ಕಟ್ಟಿ, ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್, ಪಾಕಿಸ್ತಾನ, ಇಂಗ್ಲೆಂಡ್ ತಂಡಗಳ ತಾರೆಯರನ್ನು ಸೆಳೆದಿದ್ದರು. ಭಾರತದ ಯಾವ ಆಟಗಾರನೂ ಆ ಸರಣಿಯಲ್ಲಿ ಆಡಲಿಲ್ಲ. 1977-78ರಲ್ಲಿ ಬಿಷನ್ ಸಿಂಗ್ ಬೇಡಿ ತಂಡ ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿ 41 ವರ್ಷದ ಬಾಬ್ ಸಿಂಪ್ಸನ್ ನಿವೃತ್ತಿಯಿಂದ ಮರಳಿ ನಾಯಕತ್ವ ವಹಿಸಬೇಕಾಯಿತು. 1978ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ತೆರಳಿ, 17 ವರ್ಷಗಳಿಂದ ನಿಂತಿದ್ದ ಟೆಸ್ಟ್ ಬಾಂಧವ್ಯ ಮತ್ತೆ ಆರಂಭವಾಯಿತು. 1980ರ ಫೆಬ್ರವರಿಯಲ್ಲಿ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಬಾಂಬೆಯಲ್ಲಿ ನಡೆಯಿತು.

ಅವರ ಅಧ್ಯಕ್ಷ ಅವಧಿಯಲ್ಲಿಯೇ ಅವರ ತವರಿನ ಮೈದಾನ ಒಂದು ಕಹಿ ಅನುಭವಕ್ಕೆ ಸಾಕ್ಷಿಯಾಯಿತು. 1978ರ ಡಿಸೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್ ಬೆಂಗಳೂರಿನಲ್ಲಿ ನಡೆಯುತ್ತಿತ್ತು. ಕೆಲವೇ ವಾರಗಳ ಹಿಂದೆ ಚಿಕ್ಕಮಗಳೂರಿನಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಇಂದಿರಾ ಗಾಂಧಿ ಅವರ ಬಂಧನವಾಯಿತು. ಅದನ್ನು ವಿರೋಧಿಸಿ ಗಲಭೆಗಳು ಭುಗಿಲೆದ್ದು ಪಂದ್ಯದ ಕೊನೆಯ ದಿನದ ಆಟವೇ ರದ್ದಾಯಿತು. ಗಲಭೆಗೂ ಕ್ರಿಕೆಟ್‌ಗೂ ಸಂಬಂಧವಿರಲಿಲ್ಲ. ಆದರೆ ನಗರದ ನಡುಮಧ್ಯೆ ಇರುವ ಕ್ರೀಡಾಂಗಣಕ್ಕೆ ನಗರದ ಸಿಟ್ಟು, ಸಂಭ್ರಮ ಎರಡೂ ತಟ್ಟದೆ ಇರುವುದಿಲ್ಲ ಎಂಬುದು ಅಂದೇ ಕಂಡುಬಂದಿತ್ತು.

ಕೊನೆಯ ವರ್ಷಗಳು

1982ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾ ವಿರುದ್ಧದ ಪಂದ್ಯದೊಂದಿಗೆ ಈ ಅಂಗಳಕ್ಕೆ ಏಕದಿನ ಕ್ರಿಕೆಟ್ ಬಂತು. 1987ರ ಮಾರ್ಚ್‌ನಲ್ಲಿ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇಲ್ಲಿ ಆಡಿದರು. ಚೆಂಡು ವಿಪರೀತ ತಿರುಗುತ್ತಿದ್ದ ಪಿಚ್‌ನಲ್ಲಿ ಅವರು ಗಳಿಸಿದ 96 ರನ್ ಅವರ ಶ್ರೇಷ್ಠ ಇನಿಂಗ್ಸ್‌ಗಳ ಸಾಲಿಗೆ ಸೇರಿದೆ. ಆದರೂ ಪಾಕಿಸ್ತಾನ 16 ರನ್ನುಗಳಿಂದ ಗೆದ್ದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಶ್ವಕಪ್ ಪಂದ್ಯವೂ ನಡೆಯಿತು. 1988ರ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ 374ನೇ ವಿಕೆಟ್ ಪಡೆದು ವಿಶ್ವದಾಖಲೆ ಬರೆದದ್ದು ಇಲ್ಲಿಯೇ.

ಕ್ರೀಡಾಂಗಣ ಮೊದಲು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಹೆಸರಿನಲ್ಲಿಯೇ ಇತ್ತು. ನಾಲ್ಕು ದಶಕಗಳ ಸೇವೆಗೆ ಕೃತಜ್ಞತೆಯಾಗಿ ಮುಂದೆ ಅದಕ್ಕೆ ಎಂ. ಚಿನ್ನಸ್ವಾಮಿ ಕ್ರೀಡಾಂಗಣ ಎಂದು ನಾಮಕರಣವಾಯಿತು. 1991ರ ನವೆಂಬರ್ 8ರಂದು, 91ನೇ ವಯಸ್ಸಿನಲ್ಲಿ ಚಿನ್ನಸ್ವಾಮಿ ನಿಧನರಾದರು. ಫ್ಲಡ್‌ಲೈಟ್ ಬೆಳಕಿನ ಪಂದ್ಯಗಳು, ಇಪ್ಪತ್ತು ಓವರುಗಳ ಆಟ, ಲಕ್ಷಗಟ್ಟಲೆ ಅಭಿಮಾನಿಗಳ ಬೀದಿ ಮೆರವಣಿಗೆ, ಇವು ಯಾವುವೂ ಆಗ ಈ ಅಂಗಳಕ್ಕೆ ಬಂದಿರಲಿಲ್ಲ.

ಅವರ ನಂತರ

1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಭಾರತ ಹೊನಲು ಬೆಳಕಿನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಅನಿಲ್ ಕುಂಬ್ಳೆ ಮೂವರೂ ತವರಿನ ಜನರ ಮುಂದೆ ಆಡಿದ ಆ ರಾತ್ರಿ ಕನ್ನಡಿಗರಿಗೆ ಮರೆಯಲಾಗದ್ದು. 2000ದಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಇಲ್ಲಿ ನೆಲೆಗೊಂಡಿತು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊದಲ ಪಂದ್ಯ ಇಲ್ಲಿ ನಡೆದು ಬ್ರೆಂಡನ್ ಮೆಕಲಮ್ ಅಜೇಯ 158 ರನ್ ಸಿಡಿಸಿದರು.

ತಂತ್ರಜ್ಞಾನದಲ್ಲಿ ಈ ಮೈದಾನ ಎಂದೂ ಹಿಂದೆ ಬೀಳಲಿಲ್ಲ. 2015ರಲ್ಲಿ ಛಾವಣಿಗೆ ಸೌರಫಲಕ ಬಂದವು. ಅದೇ ವರ್ಷ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್‌ನ ನಾಲ್ಕು ದಿನ ಮಳೆಗೆ ಆಹುತಿಯಾದವು. 2017ರಲ್ಲಿ ನೆಲದಡಿಯಿಂದ ಗಾಳಿಯ ಒತ್ತಡದ ಮೂಲಕ ನೀರು ಹೀರುವ ವ್ಯವಸ್ಥೆ ಅಳವಡಿಕೆಯಾಯಿತು. ಹೀಗಾಗಿ ಮೈದಾನಕ್ಕೆ ವಯಸ್ಸಾಗಿದೆ ಎನ್ನುವಾಗ ಎಚ್ಚರ ಬೇಕು. ಹುಲ್ಲಿಗೆ ವಯಸ್ಸಾಗಿಲ್ಲ, ಪಿಚ್‌ಗೆ ವಯಸ್ಸಾಗಿಲ್ಲ. ದೋಷವಿರುವುದು ದ್ವಾರಗಳಲ್ಲಿ, ದ್ವಾರಗಳು ತೆರೆದುಕೊಳ್ಳುವ ಬೀದಿಗಳಲ್ಲಿ.

ಈ ದೋಷದ ಸೂಚನೆಗಳು ಹಿಂದೆಯೂ ಸಿಕ್ಕಿದ್ದವು. 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಮುನ್ನ ಹೊರಗೋಡೆಯ ಬಳಿ ಬಾಂಬ್ ಸ್ಫೋಟಿಸಿ ಹಲವರು ಗಾಯಗೊಂಡರು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಸೆಮಿಫೈನಲ್‌ಗಳು ನವಿ ಮುಂಬಯಿಗೆ ಹೋದವು. 2011ರ ವಿಶ್ವಕಪ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್ ಸಕಾಲದಲ್ಲಿ ಸಜ್ಜಾಗದ ಕಾರಣ ಭಾರತ-ಇಂಗ್ಲೆಂಡ್ ಪಂದ್ಯ ಬೆಂಗಳೂರಿಗೆ ಬಂತು. ಎರಡೂ ತಂಡ 338 ರನ್ ಗಳಿಸಿ ಟೈ ಆದ ಆ ಪಂದ್ಯ ಎಲ್ಲರಿಗೂ ನೆನಪಿದೆ. ಅದರ ಟಿಕೆಟ್‌ಗಾಗಿ ಸಾಲು ನಿಂತವರ ಮೇಲೆ ಲಾಠಿ ಪ್ರಹಾರ ನಡೆದದ್ದು ಅಷ್ಟಾಗಿ ನೆನಪಿಲ್ಲ. ಸಾಲು ನಿಲ್ಲಲು ರಸ್ತೆಯ ಹೊರತು ಬೇರೆ ಜಾಗವಿಲ್ಲದ ಮೈದಾನದ ಕಷ್ಟ ಅದು.

ಅಂದು ಕೋಲ್ಕತ್ತ ಕಳೆದುಕೊಂಡದ್ದನ್ನು ಬೆಂಗಳೂರು ಪಡೆಯಿತು. 2025ರಲ್ಲಿ ಕಳೆದುಕೊಳ್ಳುವ ಸರದಿ ಬೆಂಗಳೂರಿನದಾಯಿತು. ಮಹಿಳಾ ಏಕದಿನ ವಿಶ್ವಕಪ್‌ನ ಉದ್ಘಾಟನಾ ಪಂದ್ಯವೂ ಸೇರಿ ಇಲ್ಲಿ ನಿಗದಿಯಾಗಿದ್ದ ಪಂದ್ಯಗಳೆಲ್ಲ ದುರಂತದ ನಂತರ ಕೈತಪ್ಪಿದವು. ನವೆಂಬರ್ 2ರಂದು ಭಾರತದ ವನಿತೆಯರು ಮೊದಲ ಬಾರಿಗೆ ವಿಶ್ವಕಪ್ ಎತ್ತಿದ್ದು ನವಿ ಮುಂಬಯಿಯಲ್ಲಿ.

ಮುಂದೇನು?

ದುರಂತದ ತನಿಖೆಗೆ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಈ ಕ್ರೀಡಾಂಗಣದ ರಚನೆ ಭಾರಿ ಜನಸಂದಣಿಯ ಕಾರ್ಯಕ್ರಮಗಳಿಗೆ ತಕ್ಕುದಲ್ಲ ಎಂದು ಹೇಳಿತು. ರಸ್ತೆಯಿಂದ ಪ್ರತ್ಯೇಕವಾದ ಸರದಿ ಜಾಗ, ಸಾಕಷ್ಟು ಪ್ರವೇಶ ಮತ್ತು ನಿರ್ಗಮನ ದ್ವಾರ, ಸಾರ್ವಜನಿಕ ಸಾರಿಗೆಯ ಸಂಪರ್ಕ, ತುರ್ತು ತೆರವಿನ ಯೋಜನೆ, ವಾಹನ ನಿಲುಗಡೆ, ಇವು ಇರುವ ಸ್ಥಳಗಳಿಗೆ ದೊಡ್ಡ ಕಾರ್ಯಕ್ರಮಗಳು ಹೋಗಬೇಕು ಎಂಬುದು ಅದರ ಅಭಿಪ್ರಾಯ. ಬೊಮ್ಮಸಂದ್ರ ಬಳಿಯ ಸೂರ್ಯನಗರದಲ್ಲಿ ಹೊಸ ದೊಡ್ಡ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು.

ಪಂದ್ಯಗಳು ಇಲ್ಲಿಯೇ ಇರಲಿ ಎನ್ನುವವರ ವಾದದಲ್ಲಿಯೂ ಹುರುಳಿದೆ. ಜೂನ್ 4ರಂದು ನಡೆದದ್ದು ಪಂದ್ಯವಲ್ಲ, ಅವಸರದಲ್ಲಿ ಏರ್ಪಾಡಾದ ವಿಜಯೋತ್ಸವ. ಟಿಕೆಟ್ ಪಡೆದು ಬಂದವರ ನಡುವೆ ಆದ ಅವಘಡವಲ್ಲ ಅದು. ಮೈದಾನದ ಪಕ್ಕದಲ್ಲಿಯೇ ಮೆಟ್ರೊ ನಿಲ್ದಾಣವಿದೆ. ನಾಗಪುರ 2008ರಲ್ಲಿ ಟೆಸ್ಟ್ ಪಂದ್ಯಗಳನ್ನು ನಗರದ ಹೊರಗಿನ ಜಾಮ್ಠಾಕ್ಕೆ ಒಯ್ದಾಗ ಗ್ಯಾಲರಿಗಳು ಖಾಲಿ ಕಂಡವು ಎಂಬ ದೂರು ಕೇಳಿಬಂತು. ಊರಿನಿಂದ ದೂರವಾದ ಮೈದಾನ ಕಾರಿರುವವರ ಮೈದಾನವಾಗುತ್ತದೆ. ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೆ ಅದು ಎಟುಕುವುದಿಲ್ಲ.

ಆದರೆ ಲೆಕ್ಕ ಬದಲಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. 16 ಲಕ್ಷದ ಊರು 2011ರ ಜನಗಣತಿಯ ಹೊತ್ತಿಗೆ 84 ಲಕ್ಷ ದಾಟಿತ್ತು. ಮೈದಾನದ ನೆಲ ಮಾತ್ರ ಅದೇ 17 ಎಕರೆ. ಸುಮಾರು 35 ಸಾವಿರ ಆಸನಗಳ ಅಂಗಳದ ಸುತ್ತ ಜೂನ್ 4ರಂದು ಸೇರಿದವರು ಲಕ್ಷಗಳ ಲೆಕ್ಕದಲ್ಲಿದ್ದರು. ಹೈದರಾಬಾದ್ ನಗರಮಧ್ಯದ ಲಾಲ್ ಬಹದ್ದೂರ್ ಕ್ರೀಡಾಂಗಣದಿಂದ ಉಪ್ಪಳಕ್ಕೆ, ಪುಣೆ ನೆಹರು ಕ್ರೀಡಾಂಗಣದಿಂದ ಗಹುಂಜೆಗೆ ತಮ್ಮ ದೊಡ್ಡ ಪಂದ್ಯಗಳನ್ನು ಒಯ್ದಿವೆ. ನಮ್ಮಲ್ಲಿಯೇ ಅಕಾಡೆಮಿ 2024ರಲ್ಲಿ ವಿಮಾನ ನಿಲ್ದಾಣದ ಕಡೆಯ ವಿಶಾಲ ನೆಲಕ್ಕೆ ಹೊರಟುಹೋಗಿದೆ. ಅದರಿಂದ ಚಿನ್ನಸ್ವಾಮಿ ಹೆಸರಿಗೆ ಕುಂದೇನೂ ಬರಲಿಲ್ಲ.

ಚಿನ್ನಸ್ವಾಮಿ ಅವರ ಬದುಕು ಈ ವಿವಾದಕ್ಕೆ ಒಂದು ದಾರಿ ತೋರಿಸುತ್ತದೆ. ಅವರ ಕಾಲದಲ್ಲಿ ಸಂಸ್ಥೆ ಹಳೆಯ ಮೈದಾನವನ್ನು ಕೆಡವಲಿಲ್ಲ, ಅದಕ್ಕೆ ಹೊರಲಾರದ ಹೊರೆಯನ್ನೂ ಹೊರಿಸಲಿಲ್ಲ. ಇಂದಿಗೂ ಅದೇ ಹಂಚಿಕೆ ಸಾಧ್ಯ. ಟೆಸ್ಟ್ ಪಂದ್ಯಗಳು, ರಣಜಿ, ಮಹಿಳೆಯರ ಪಂದ್ಯಗಳು, ಇವು ಕಬ್ಬನ್ ಪಾರ್ಕಿನ ಪಕ್ಕದ ಅಂಗಳದಲ್ಲಿ ಉಳಿಯಲಿ. ಆದರೆ ಮಾರುವ ಟಿಕೆಟ್‌ಗಳ ಸಂಖ್ಯೆಯನ್ನು ಆಸನಗಳ ಬದಲು ದ್ವಾರಗಳು ಮತ್ತು ಬೀದಿಗಳು ತೀರ್ಮಾನಿಸಲಿ. ಇಡೀ ರಾಜ್ಯ ನುಗ್ಗಿ ಬರುವ ಫೈನಲ್‌ಗಳು, ತಾರೆಗಳ ರಾತ್ರಿಗಳು, ವಿಜಯೋತ್ಸವಗಳು ಅದಕ್ಕೆಂದೇ ರೂಪಿಸಿದ, ಮೆಟ್ರೊ ಮತ್ತು ಬಸ್ಸು ತಲುಪುವ ಹೊಸ ಜಾಗಕ್ಕೆ ಹೋಗಲಿ. ಆ ಜಾಗ ಸಿದ್ಧವಾಗುವ ತನಕ ಕಾಯುವ ತಾಳ್ಮೆಯೂ ಬೇಕು. ಬೆಂಗಳೂರು ತನ್ನ ಮೊದಲ ಟೆಸ್ಟ್‌ಗಾಗಿ 1974ರವರೆಗೆ ಕಾದಿತ್ತು.

ಹೊಸದನ್ನು ಕಟ್ಟಲು ಈಗ ತಡವಾಯಿತೆಂದು ಯಾರೂ ಹೇಳಬೇಕಿಲ್ಲ. ಮಂಡ್ಯದ ವಕೀಲರು ತಮ್ಮ ಕ್ರೀಡಾಂಗಣದ ಕೆಲಸ ಆರಂಭವಾಗುವುದನ್ನು ಕಂಡದ್ದು ಎಪ್ಪತ್ತರ ವಯಸ್ಸಿನಲ್ಲಿ. ಹನ್ನೊಂದು ಜೀವಗಳನ್ನು ಕಳೆದುಕೊಂಡ ನಗರ ಅವರ ಹೆಸರಿಗೆ ಸಲ್ಲಿಸಬಹುದಾದ ಗೌರವ ಒಂದೇ. ಪಂದ್ಯ ನೋಡಲು ಹೋದ ಪ್ರತಿಯೊಬ್ಬರೂ, ಅದು ಯಾವ ಮೈದಾನವೇ ಆಗಿರಲಿ, ಕ್ಷೇಮವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು.